ವೈರಿಯನ್ನು ಹುಡುಕಹೊರಟ ಅಮುಂಡ್ಸೆನ್

ದಕ್ಷಿಣ ಧ್ರುವವನ್ನು ಮೊದಲು ಮುಟ್ಟಿದವನು ರೋಆಲ್ಡ್ ಅಮುಂಡ್ಸೆನ್ ಎಂಬುದನ್ನು ನಾವೆಲ್ಲ ಶಾಲೆಯ ಪಾಠದಲ್ಲಿ ಓದಿದ್ದೇವೆ. ಆದರೆ ಅವನು ಪ್ರಾಣ ಬಿಟ್ಟುದು ಭೂಮಿಯ ಇನ್ನೊಂದು ತುದಿಯಲ್ಲಿ, ಉತ್ತರದ ಕಡಲಿನಲ್ಲಿ. ಅದೂ ತಾನು ಬದ್ಧದ್ವೇಷ ಕಟ್ಟಿಕೊಂಡಿದ್ದ ಒಬ್ಬ ಮನುಷ್ಯನನ್ನು ಹುಡುಕಲು ಹೋಗಿ. ಧ್ರುವಪ್ರದೇಶಗಳಲ್ಲಿ ರಾಷ್ಟ್ರಗಳ ಹಗ್ಗಜಗ್ಗಾಟ ಮತ್ತೆ ಸುದ್ದಿಯಾಗುತ್ತಿರುವ ಈ ದಿನಗಳಲ್ಲಿ ಅವನ ಬಾಳನ್ನು ಒಮ್ಮೆ ನೆನೆಯುವುದು ಉಚಿತವೆಂದು ನಮಗೆ ತೋರುತ್ತದೆ.

1872ರ ಜುಲೈ 16ರಂದು ನಾರ್ವೆಯ ಬೋರ್ಗೆ ಎಂಬಲ್ಲಿ, ಹಡಗು ಮಾಲಿಕರ ಮನೆತನದಲ್ಲಿ ಅವನ ಜನನ. ಆಗ ನಾರ್ವೆಗೆ ಸ್ವೀಡನ್ನಿನ ದೊರೆಯೇ ದೊರೆ. ಮಗ ವೈದ್ಯನಾಗಬೇಕೆಂದು ತಾಯಿಯ ಆಸೆ. 1893ರಲ್ಲಿ ತಾಯಿ ತೀರಿಕೊಂಡ ಮೇಲೆ ಅವನು ವೈದ್ಯಶಾಸ್ತ್ರದ ಪುಸ್ತಕಗಳಿಗೆ ಕೈಮುಗಿದು ಕಡಲಿನ ದಾರಿ ಹಿಡಿದ. 1897ರಲ್ಲಿ ಬೆಲ್ಜಿಕಾ ಎಂಬ ಹಡಗಿನಲ್ಲಿ ದಕ್ಷಿಣಕ್ಕೆ ಹೋದಾಗ ಆ ಹಡಗು ಹಿಮದಲ್ಲಿ ಸಿಕ್ಕಿಬಿದ್ದು, ಚಳಿಗಾಲವಿಡೀ ಅಲ್ಲೇ ಕಳೆಯಬೇಕಾಯಿತು. ಬೆಲ್ಜಿಯಂ, ನಾರ್ವೆ, ಪೋಲೆಂಡ್, ರುಮೇನಿಯಾ, ಅಮೆರಿಕ ಹೀಗೆ ನಾನಾ ನಾಡಿನವರು ಅದರಲ್ಲಿದ್ದರು. ಸ್ಕರ್ವಿ ರೋಗ ಹಬ್ಬಿದಾಗ ಅಮೆರಿಕದ ವೈದ್ಯ ಕುಕ್, ಸೀಲ್ ಮತ್ತು ಪೆಂಗ್ವಿನ್‌ಗಳ ತಾಜಾ ಮಾಂಸ ತಿನ್ನಿಸಿ ಸಂಗಡಿಗರನ್ನು ಉಳಿಸಿದ. ಹಿಮದ ನಡುವೆ ಒಬ್ಬನ ಜೀವ ಇನ್ನೊಬ್ಬನ ಕೈಯಲ್ಲಿರುತ್ತದೆಂಬುದನ್ನು ಅಮುಂಡ್ಸೆನ್ ಕಂಡುಕೊಂಡದ್ದು ಅಲ್ಲಿ.

1903ರಿಂದ 1906ರವರೆಗೆ ಯೋವಾ ಎಂಬ ಸಣ್ಣ ಹಡಗಿನಲ್ಲಿ ಆರು ಜನ ಜೊತೆಗಾರರೊಡನೆ ಕೆನಡಾದ ಉತ್ತರದ ಜಲಮಾರ್ಗವನ್ನು ಅವನು ದಾಟಿದ. ನಡುವೆ ನೆಟ್ಸಿಲಿಕ್ ಇನ್ಯುಯಿಟ್ ಜನರ ನೆರೆಯಲ್ಲಿದ್ದು, ತೊಗಲಿನ ಉಡುಪು, ನಾಯಿ ಜಾರುಬಂಡಿಗಳ ವಿದ್ಯೆಯನ್ನು ಶಿಷ್ಯನಂತೆ ಕಲಿತ. ಅವನು ಇತ್ತ ಹಿಮದಲ್ಲಿದ್ದಾಗಲೇ, 1905ರಲ್ಲಿ, ನಾರ್ವೆ ಯುದ್ಧವಿಲ್ಲದೆ ಸ್ವೀಡನ್ನಿನಿಂದ ಬೇರೆಯಾಯಿತು. ಹೊಸದಾಗಿ ತಲೆಯೆತ್ತಿದ ಪುಟ್ಟ ನಾಡಿಗೆ ಒಬ್ಬ ವೀರ ಬೇಕಾಗಿದ್ದ, ಸಿಕ್ಕಿದ. ಅಂದಿನಿಂದ ಅವನ ಪ್ರತಿಯೊಂದು ಪಯಣದಲ್ಲಿಯೂ ಬಾವುಟದ ಮಾತು ಬಂದೇ ಬಂತು.

ದಕ್ಷಿಣ ಧ್ರುವದ ಕಥೆಯನ್ನು ನಾವು ಇಲ್ಲಿ ಬೆಳೆಸುವುದಿಲ್ಲ. ಉತ್ತರಕ್ಕೆಂದು ಹೇಳಿ ಹೊರಟವನು ನಡುದಾರಿಯಲ್ಲಿ ದಕ್ಷಿಣಕ್ಕೆ ತಿರುಗಿದ. 1911ರ ಡಿಸೆಂಬರ್ 14ರಂದು ಅಲ್ಲಿ ನಾರ್ವೆಯ ಧ್ವಜ ಏರಿತು. 34 ದಿನಗಳ ಬಳಿಕ ಬಂದ ಇಂಗ್ಲೆಂಡಿನ ಸ್ಕಾಟ್ ಮತ್ತವನ ನಾಲ್ವರು ಸಂಗಾತಿಗಳು ಮರಳುವ ದಾರಿಯಲ್ಲಿ ಮಡಿದರು. ಗುಟ್ಟಾಗಿ ಪಂದ್ಯ ಹೂಡಿದನೆಂಬ ಆರೋಪ ಇಂಗ್ಲೆಂಡಿನಲ್ಲಿ ಬಹುಕಾಲ ಉಳಿಯಿತು. ಅದರಲ್ಲಿ ಹುರುಳಿಲ್ಲದೆ ಇಲ್ಲವೆಂದೇ ನಮ್ಮ ಭಾವನೆ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ನಾರ್ವೆಯ ವ್ಯಾಪಾರಿ ಹಡಗುಗಳನ್ನು ಮುಳುಗಿಸಿದಾಗ, 1917ರಲ್ಲಿ, ಆ ದೇಶ ಕೊಟ್ಟಿದ್ದ ಪದಕಗಳನ್ನು ಅವನು ಹಿಂದಿರುಗಿಸಿದ. ಆಮೇಲಿನ ಸಾಹಸಗಳು ಅವನನ್ನು ಸಾಲದಲ್ಲಿ ಮುಳುಗಿಸಿ 1924ರಲ್ಲಿ ದಿವಾಳಿ ಎಬ್ಬಿಸಿದವು.

1926ರಲ್ಲಿ ಅಮೆರಿಕದ ಎಲ್ಸ್‌ವರ್ತ್‌ನ ಹಣ, ಇಟಲಿಯ ಉಂಬೆರ್ತೊ ನೊಬಿಲೆ ಕಟ್ಟಿದ ವಾಯುನೌಕೆ, ನಾರ್ವೆಯ ಹೆಸರು ಇವು ಮೂರೂ ಕೂಡಿದವು. ನಾರ್ಗೆ ಎಂಬ ಆ ನೌಕೆ ಸ್ವಾಲ್ಬಾರ್ಡ್ ದ್ವೀಪಗಳ ನೀ-ಓಲೆಸುಂಡ್‌ನಿಂದ ಹೊರಟು, ಮೇ 12ರಂದು ಉತ್ತರ ಧ್ರುವದ ಮೇಲೆ ಹಾರಿ ಅಲಾಸ್ಕಾದಲ್ಲಿ ಇಳಿಯಿತು. ಧ್ರುವದ ಮೇಲೆ ಮೂರು ದೇಶಗಳ ಬಾವುಟಗಳನ್ನು ಕೆಳಗೆಸೆದರು. ಇಟಲಿಯದು ಉಳಿದೆರಡಕ್ಕಿಂತ ದೊಡ್ಡದು! ಜಗಳಕ್ಕೆ ಅಷ್ಟೇ ಸಾಕಾಯಿತು. ಮುಸೊಲಿನಿಯ ಸರಕಾರ ಎಲ್ಲ ಕೀರ್ತಿಯನ್ನು ನೊಬಿಲೆಗೆ ಕಟ್ಟಿ ಅವನನ್ನು ಜನರಲ್ ಪದವಿಗೇರಿಸಿತು. ಅಮುಂಡ್ಸೆನ್ 1927ರ ಆತ್ಮಕಥೆಯಲ್ಲಿ ನೊಬಿಲೆಯನ್ನು ಹೀನಾಯವಾಗಿ ಹಳಿದ. ಇಬ್ಬರ ಮನಸ್ತಾಪ ಎರಡು ದೇಶಗಳ ಮನಸ್ತಾಪವಾಯಿತು.

1928ರ ಮೇ 25ರಂದು ನೊಬಿಲೆಯ ಹೊಸ ನೌಕೆ ಇಟಾಲಿಯಾ ಸ್ವಾಲ್ಬಾರ್ಡಿನ ಈಶಾನ್ಯಕ್ಕೆ ಹಿಮದ ಮೇಲೆ ಅಪ್ಪಳಿಸಿತು. ಹದಿನಾರು ಜನರಲ್ಲಿ ಒಬ್ಬ ಅಲ್ಲೇ ಸತ್ತ. ಆರು ಮಂದಿಯನ್ನು ಗಾಳಿಚೀಲ ಹೊತ್ತೊಯ್ದಿತು, ಅವರು ಮತ್ತೆ ಕಾಣಲಿಲ್ಲ. ಸುದ್ದಿ ಕೇಳಿದೊಡನೆ ಅಮುಂಡ್ಸೆನ್ ತಾನು ಹೊರಡಲು ಸಿದ್ಧನೆಂದ. ಸರಕಾರದ ವಿಮಾನಗಳು ಬೇರೆಯವರ ಪಾಲಾಗಿದ್ದವು. ಅವನಿಗೆ ವಿಮಾನ ಕೊಟ್ಟದ್ದು ಫ್ರಾನ್ಸ್. ಜೂನ್ 18ರಂದು ಟ್ರೋಮ್ಸೊದಿಂದ ಆರು ಜನರನ್ನು ಹೊತ್ತು ಹಾರಿದ ಆ ಲಾಥಾಂ ವಿಮಾನ ಕೆಲವು ಗಂಟೆಗಳಲ್ಲೇ ಮೌನವಾಯಿತು. ಆಗಸ್ಟ್ 31ರಂದು ಅದರ ಒಂದು ತೇಲುಬುಡ್ಡೆ ಕಡಲಿನಲ್ಲಿ ಸಿಕ್ಕಿತು. ದೇಹಗಳು ಸಿಗಲಿಲ್ಲ.

ನೊಬಿಲೆ ಬದುಕಿದ. ಅವನನ್ನು ಎತ್ತಿ ತಂದವನು ಸ್ವೀಡನ್ನಿನ ವಿಮಾನಿ; ಉಳಿದವರನ್ನು ಜುಲೈ 12ರಂದು ಹಡಗಿಗೆ ಹತ್ತಿಸಿಕೊಂಡದ್ದು ಸೋವಿಯೆತ್ ಹಿಮಭೇದಕ ಕ್ರಾಸಿನ್. ಕಮ್ಯುನಿಸ್ಟರ ಹಡಗು ಫ್ಯಾಸಿಸ್ಟ್ ದೇಶದ ಜನರನ್ನು ಉಳಿಸಿತು. ಫಿನ್ಲೆಂಡಿನವರೂ ನಾರ್ವೆಯವರೂ ಹುಡುಕುತ್ತಿದ್ದರು. ತನ್ನವರಿಗಿಂತ ಮೊದಲು ಹೊರಬಂದನೆಂದು ನೊಬಿಲೆಯನ್ನು ತುಚ್ಛೀಕರಿಸಿದ್ದು ಅವನ ಸ್ವಂತ ಸರಕಾರವೇ.

ದಕ್ಷಿಣ ಧ್ರುವದಲ್ಲಿರುವ ಅಮೆರಿಕದ ಸಂಶೋಧನಾ ಕೇಂದ್ರಕ್ಕೆ ಈಗ ಅಮುಂಡ್ಸೆನ್ ಮತ್ತು ಸ್ಕಾಟ್ ಇಬ್ಬರದೂ ಹೆಸರಿದೆ. ಶೀತಲ ಸಮರದ ನಡುವೆಯೂ 1959ರಲ್ಲಿ ಹನ್ನೆರಡು ದೇಶಗಳು ಒಪ್ಪಂದ ಮಾಡಿಕೊಂಡು ಆ ಖಂಡದಲ್ಲಿ ಸೇನಾ ಚಟುವಟಿಕೆಯನ್ನು ನಿಷೇಧಿಸಿದವು. ಭಾರತ 1983ರಲ್ಲಿ ಅದಕ್ಕೆ ಸೇರಿತು. ಉತ್ತರಕ್ಕೆ ಅಂಥ ಒಪ್ಪಂದವಿಲ್ಲ. ಅಲ್ಲಿನ ಎಂಟು ದೇಶಗಳು 2011ರ ಮೇ 12ರಂದು, ಅಂದರೆ ನಾರ್ಗೆ ಧ್ರುವ ದಾಟಿ ಸರಿಯಾಗಿ 85 ವರ್ಷಗಳಿಗೆ, ಅಪಾಯದಲ್ಲಿದ್ದವರನ್ನು ಹುಡುಕಿ ಉಳಿಸುವ ಒಪ್ಪಂದಕ್ಕೆ ಗ್ರೀನ್‌ಲ್ಯಾಂಡಿನ ನೂಕ್‌ನಲ್ಲಿ ಸಹಿ ಹಾಕಿದವು. 2022ರಲ್ಲಿ ಉಕ್ರೇನ್ ಯುದ್ಧ ಹೊತ್ತಿಕೊಂಡಾಗ ರಷ್ಯಾ ಬಿಟ್ಟು ಉಳಿದ ಏಳು ದೇಶಗಳು ಆರ್ಕ್ಟಿಕ್ ಮಂಡಳಿಯ ಸಭೆಗಳಿಂದ ಹಿಂದೆ ಸರಿದವು. ಫಿನ್ಲೆಂಡ್ 2023ರಲ್ಲಿ, ಸ್ವೀಡನ್ 2024ರಲ್ಲಿ ನೇಟೋ ಸೇರಿದವು.

ನೀ-ಓಲೆಸುಂಡ್‌ನಲ್ಲಿ 2008ರಲ್ಲಿ ನಮ್ಮ ದೇಶದ ಹಿಮಾದ್ರಿ ಕೇಂದ್ರ ತೆರೆಯಿತು. ನಾರ್ಗೆಯನ್ನು ಕಟ್ಟಿದ್ದ ಕಬ್ಬಿಣದ ಕಂಬ ಆ ಊರಿನ ಹೊರಗೆ ಇನ್ನೂ ನಿಂತಿದೆ. ನಾರ್ವೆಯ ನೌಕಾಪಡೆ 2009ರಲ್ಲಿ ಕಡಲಿನ ತಳದಲ್ಲಿ ಲಾಥಾಂ ವಿಮಾನವನ್ನು ಯಂತ್ರಗಳಿಂದ ಶೋಧಿಸಿತು. ಅದು ಸಿಗಲಿಲ್ಲ.