ಅರುಣಾ ಶಾನಭಾಗ್: ಹಳದೀಪುರದ ನರ್ಸ್, ಮುಂಬೈನ ವಾರ್ಡ್ ನಂ. 4 ಮತ್ತು ದಾದಿಯರ 42 ವರ್ಷಗಳ ನಿರ್ಧಾರ

ಮುಂಬೈ: ದೇಶದಲ್ಲಿ ದಯಾಮರಣದ ಚರ್ಚೆ ಶುರುವಾದಾಗಲೆಲ್ಲ ಮೊದಲು ನೆನಪಾಗುವ ಹೆಸರು ಅರುಣಾ ರಾಮಚಂದ್ರ ಶಾನಭಾಗ್. ಉತ್ತರ ಕನ್ನಡ ಜಿಲ್ಲೆಯಿಂದ ಮುಂಬೈಗೆ ಹೋಗಿ ನರ್ಸ್ ಆದ ಈ ಯುವತಿ, ತಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ ಸುಮಾರು 42 ವರ್ಷ ರೋಗಿಯಾಗಿ ಮಲಗಿದ್ದರು. ಅವರ ಮೇಲೆ ನಡೆದ ದಾಳಿ ಮತ್ತು ಸುಪ್ರೀಂ ಕೋರ್ಟ್ ತೀರ್ಪಿನ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಆದರೆ ಮಾತನಾಡಲಾಗದ ರೋಗಿಗೆ ಏನು ಬೇಕು ಎಂಬುದನ್ನು ಅಷ್ಟೂ ವರ್ಷ ಪ್ರತಿದಿನ ನಿರ್ಧರಿಸುತ್ತಿದ್ದ ದಾದಿಯರ ಕೆಲಸದ ಬಗ್ಗೆ ಚರ್ಚೆಯಾಗಿದ್ದು ಕಡಿಮೆ. ಕೊನೆಗೆ ಪ್ರಕರಣದ ತೀರ್ಪಿನಲ್ಲಿ ತೂಕ ಪಡೆದಿದ್ದು ಅದೇ ಕೆಲಸ.

ಹಳದೀಪುರದಿಂದ ಪರೇಲ್‌ಗೆ

ಅರುಣಾ ಹುಟ್ಟಿದ್ದು 1948ರ ಜೂನ್ 1ರಂದು, ಹೊನ್ನಾವರ ತಾಲೂಕಿನ ಹಳದೀಪುರದಲ್ಲಿ. ಕರಾವಳಿಯ ಎಷ್ಟೋ ಕುಟುಂಬಗಳ ಮಕ್ಕಳಂತೆ ಅವರೂ ಉದ್ಯೋಗಕ್ಕಾಗಿ ಮುಂಬೈ ಸೇರಿದರು. ಪರೇಲ್‌ನ ಕಿಂಗ್ ಎಡ್ವರ್ಡ್ ಮೆಮೋರಿಯಲ್, ಅಂದರೆ ಕೆಇಎಂ ಆಸ್ಪತ್ರೆಯಲ್ಲಿ ಕಿರಿಯ ನರ್ಸ್ ಆದರು. 1926ರಲ್ಲಿ ಆರಂಭವಾದ ಇದು ಮಹಾನಗರ ಪಾಲಿಕೆ ನಡೆಸುವ ಆಸ್ಪತ್ರೆ. ಗಿರಣಿ ಕಾರ್ಮಿಕರಿಂದ ಹಿಡಿದು ದೂರದ ಜಿಲ್ಲೆಗಳ ಬಡವರವರೆಗೆ ಎಲ್ಲರಿಗೂ ಆಸರೆಯಾಗಿದ್ದ ಜಾಗ.

ಪ್ರಯೋಗಕ್ಕೆ ಬಳಸುವ ನಾಯಿಗಳಿಗೆ ಶಸ್ತ್ರಚಿಕಿತ್ಸೆ ನಡೆಯುತ್ತಿದ್ದ ವಿಭಾಗದಲ್ಲಿ ಅರುಣಾ ಅವರಿಗೆ ಕೆಲಸವಿತ್ತು. ಅದೇ ಆಸ್ಪತ್ರೆಯ ವೈದ್ಯರೊಬ್ಬರ ಜೊತೆ ಮದುವೆಯೂ ನಿಶ್ಚಯವಾಗಿತ್ತು. ಅದೇ ವಿಭಾಗದಲ್ಲಿ ಸೋಹನ್‌ಲಾಲ್ ವಾಲ್ಮೀಕಿ ಎಂಬ ಸಫಾಯಿ ನೌಕರನಿದ್ದ. ನಾಯಿಗಳಿಗೆಂದು ಬರುತ್ತಿದ್ದ ಆಹಾರವನ್ನು ಆತ ಕದಿಯುತ್ತಿದ್ದ, ಅದನ್ನು ಅರುಣಾ ಪ್ರಶ್ನಿಸಿದ್ದರು ಎಂದು ನಂತರ ವರದಿಯಾಯಿತು.

1973ರ ನವೆಂಬರ್ 27

ಅಂದು ಸಂಜೆ ಡ್ಯೂಟಿ ಮುಗಿಸಿದ ಅರುಣಾ ಬಟ್ಟೆ ಬದಲಿಸಲು ನೆಲಮಾಳಿಗೆಗೆ ಹೋಗಿದ್ದರು. ಅಲ್ಲಿ ವಾಲ್ಮೀಕಿ ನಾಯಿ ಕಟ್ಟುವ ಸರಪಳಿಯಿಂದ ಅವರ ಕುತ್ತಿಗೆ ಬಿಗಿದು, ಲೈಂಗಿಕ ದೌರ್ಜನ್ಯ ಎಸಗಿದ. ಇಡೀ ರಾತ್ರಿ ಯಾರ ಗಮನಕ್ಕೂ ಬರಲಿಲ್ಲ. ಮರುದಿನ ಬೆಳಗ್ಗೆ ಸ್ವಚ್ಛತಾ ಸಿಬ್ಬಂದಿಯೊಬ್ಬರು ಪ್ರಜ್ಞೆ ತಪ್ಪಿ ಬಿದ್ದಿದ್ದ ಅವರನ್ನು ಕಂಡರು.

ಮೆದುಳಿಗೆ ಆಮ್ಲಜನಕ ಸಿಗದೆ ಆಗಬೇಕಾದ ಹಾನಿ ಅಷ್ಟರಲ್ಲಿ ಆಗಿಹೋಗಿತ್ತು. ಮೆದುಳಿನ ಕಾಂಡ ಮತ್ತು ಕುತ್ತಿಗೆಯ ಬೆನ್ನುಹುರಿಗೂ ಪೆಟ್ಟಾಗಿತ್ತು. ಕಣ್ಣುಗಳು ಸರಿಯಿದ್ದರೂ, ಕಂಡದ್ದನ್ನು ಗುರುತಿಸುವ ಮೆದುಳಿನ ಭಾಗ ಕೆಲಸ ನಿಲ್ಲಿಸಿತ್ತು. ಆಗ ಅರುಣಾಗೆ 25 ವರ್ಷ.

ಪ್ರಕರಣದಲ್ಲಿ ಲೈಂಗಿಕ ದೌರ್ಜನ್ಯದ ಆರೋಪ ದಾಖಲಾಗಲೇ ಇಲ್ಲ. ಹಲ್ಲೆ ಮತ್ತು ದರೋಡೆಗೆ ತಲಾ ಏಳು ವರ್ಷದ ಶಿಕ್ಷೆಯಾಯಿತು. ಎರಡೂ ಒಟ್ಟೊಟ್ಟಿಗೇ ಜಾರಿಯಾದ ಕಾರಣ 1980ರಲ್ಲಿ ಅಪರಾಧಿ ಹೊರಬಂದ. ಘಟನೆ ಖಂಡಿಸಿ, ಕೆಲಸದ ಸ್ಥಳದಲ್ಲಿ ಭದ್ರತೆ ಕೋರಿ ಮುಂಬೈನ ನರ್ಸ್‌ಗಳು ಮುಷ್ಕರ ನಡೆಸಿದರು.

ವಾರ್ಡ್ ನಂ. 4ರ ಪಕ್ಕದ ಕೋಣೆ

ಉಸಿರಾಟ, ನಿದ್ದೆ, ಎಚ್ಚರ ಎಲ್ಲವೂ ಇದ್ದು, ಸುತ್ತಲಿನ ಅರಿವು ಮಾತ್ರ ಇಲ್ಲದ ಸ್ಥಿತಿಗೆ ವೈದ್ಯಲೋಕ ಒಂದು ಹೆಸರು ಕೊಟ್ಟಿದ್ದೇ 1972ರಲ್ಲಿ. ಪ್ರಜ್ಞೆಯ ಮಟ್ಟ ಅಳೆಯಲು ಇಂದು ಎಲ್ಲ ಆಸ್ಪತ್ರೆಗಳಲ್ಲೂ ಬಳಸುವ ಗ್ಲಾಸ್ಗೋ ಮಾಪನ ಪ್ರಕಟವಾಗಿದ್ದು 1974ರಲ್ಲಿ. ಅಂದರೆ ಅರುಣಾ ರೋಗಿಯಾದಾಗ ಇಂಥವರ ಆರೈಕೆ ಹೇಗಿರಬೇಕೆಂಬ ಅನುಭವ ಎಲ್ಲೂ ಹೆಚ್ಚಿರಲಿಲ್ಲ. ಕೆಇಎಂ ದಾದಿಯರು ನೋಡುತ್ತಾ, ಮಾಡುತ್ತಾ ಕಲಿತರು.

ವಾರ್ಡ್ ನಂ. 4ಕ್ಕೆ ಹೊಂದಿಕೊಂಡ ಕೋಣೆಯೊಂದನ್ನು ಅರುಣಾಗಾಗಿಯೇ ಮೀಸಲಿಡಲಾಯಿತು. ದಿನಗಳೆದಂತೆ ಬಂಧುಗಳ ಭೇಟಿ ವಿರಳವಾಯಿತು. ಸಹೋದ್ಯೋಗಿಗಳು ನಿವೃತ್ತರಾದರು, ಹೊಸಬರು ಬಂದರು. ನರ್ಸಿಂಗ್ ಓದಲು ಬರುವ ಹುಡುಗಿಯರಿಗೆ ಅರುಣಾ ನಮ್ಮವರೇ ಎಂದು ಪರಿಚಯಿಸುವ ರೂಢಿ ಬೆಳೆಯಿತು. ಜೂನ್ 1ರಂದು ಅವರ ಹುಟ್ಟುಹಬ್ಬವನ್ನೂ ಆಚರಿಸಲಾಗುತ್ತಿತ್ತು.

1980ರ ದಶಕದಲ್ಲಿ ಹಾಸಿಗೆ ತೆರವು ಮಾಡಿಸಿ ಅರುಣಾ ಅವರನ್ನು ಬೇರೆಡೆ ಕಳಿಸಲು ಪಾಲಿಕೆ ಎರಡು ಬಾರಿ ಮುಂದಾಯಿತು. ನರ್ಸ್‌ಗಳು ಪ್ರತಿಭಟನೆಗೆ ಇಳಿದರು. ಪಾಲಿಕೆ ಹಿಂದೆ ಸರಿಯಿತು.

ಹಾಸಿಗೆ ಹುಣ್ಣು ಆಗದಿರುವುದು ಯಾಕೆ ದೊಡ್ಡ ವಿಷಯ?

ಅಲುಗಾಡದೆ ಮಲಗಿದ ರೋಗಿಯ ಬೆನ್ನು, ಸೊಂಟ, ಹಿಮ್ಮಡಿಯ ಮೂಳೆಗಳು ಚರ್ಮವನ್ನು ಒತ್ತುತ್ತಲೇ ಇರುತ್ತವೆ. ಅಲ್ಲಿ ರಕ್ತಸಂಚಾರ ನಿಂತರೆ ಕೆಲವೇ ಗಂಟೆಗಳಲ್ಲಿ ಚರ್ಮ ಕೆಂಪಾಗುತ್ತದೆ. ಗಮನಿಸದಿದ್ದರೆ ಹುಣ್ಣಾಗಿ, ಸೋಂಕು ತಗುಲಿ ಜೀವಕ್ಕೇ ಅಪಾಯ. ಇದನ್ನು ತಡೆಯಲು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಚರ್ಮ ಒದ್ದೆಯಾಗದಂತೆ ನೋಡಿಕೊಳ್ಳಬೇಕು, ಪೌಷ್ಟಿಕ ಆಹಾರ ಕೊಡಬೇಕು. ಎಲ್ಲಕ್ಕಿಂತ ಮೊದಲು ಕೆಂಪಾದ ಚರ್ಮ ಕಣ್ಣಿಗೆ ಬೀಳಬೇಕು.

2011ರಲ್ಲಿ ಅರುಣಾ ಅವರನ್ನು ಪರೀಕ್ಷಿಸಿದ ತಜ್ಞರು ಮೈಮೇಲೆ ಒಂದೂ ಹಾಸಿಗೆ ಹುಣ್ಣು ಇಲ್ಲ, ಹಿಂದೆ ಆಗಿ ಮಾಸಿದ ಗುರುತೂ ಇಲ್ಲ ಎಂದು ದಾಖಲಿಸಿದರು. ಅಷ್ಟು ಹೊತ್ತಿಗೆ ಅವರು ಮಲಗಿ 37 ವರ್ಷಗಳಾಗಿದ್ದವು. ಕೈಕಾಲುಗಳ ಕೀಲುಗಳು ಸೆಟೆದುಕೊಂಡಿದ್ದವು, ಹಲ್ಲುಗಳು ಉದುರಿದ್ದವು, ದೇಹ ಬಡಕಲಾಗಿತ್ತು. ಆದರೆ ಅಪೌಷ್ಟಿಕತೆಯ ಲಕ್ಷಣ ಕಾಣಲಿಲ್ಲ.

ಊಟದ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕಿತ್ತು. ನುಂಗುವ ಶಕ್ತಿ ಕುಂದಿದವರಿಗೆ ಬಾಯಿಂದ ಉಣಿಸಿದರೆ ಆಹಾರ ಶ್ವಾಸನಾಳಕ್ಕೆ ಹೋಗುವ ಭಯ. ಮೂಗಿನಿಂದ ನಳಿಕೆ ಇಳಿಸಿದರೆ ಆಹಾರವೇನೋ ಹೊಟ್ಟೆ ಸೇರುತ್ತದೆ, ಆದರೆ ಬಾಯಿರುಚಿ ಹೋಗುತ್ತದೆ. ಅರುಣಾಗೆ 2010ರವರೆಗೂ ಬಾಯಿಂದಲೇ ಉಣಿಸಲಾಗುತ್ತಿತ್ತು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಜ್ವರ ಬಂತು, ಬಹುಶಃ ಮಲೇರಿಯಾ. ಬಾಯಿಂದ ತಿನ್ನುವುದು ಕಡಿಮೆಯಾದ ಮೇಲೆ ನಳಿಕೆ ಹಾಕಲಾಯಿತು.

ಕೋರ್ಟ್ ಮುಂದೆ ಎರಡು ಚಿತ್ರ

ಮುಂಬೈನ ಪತ್ರಕರ್ತೆ, ಲೇಖಕಿ ಪಿಂಕಿ ವಿರಾನಿ 1998ರಲ್ಲಿ ಅರುಣಾ ಬದುಕಿನ ಕುರಿತು ಪುಸ್ತಕ ಬರೆದಿದ್ದರು. ಇಂಥ ಬದುಕಿನಲ್ಲಿ ಘನತೆ ಇಲ್ಲ, ಆಹಾರ ನೀಡುವುದನ್ನು ನಿಲ್ಲಿಸಿ ಶಾಂತಿಯುತ ಸಾವಿಗೆ ಅವಕಾಶ ಕೊಡಿ ಎಂದು ಅವರು ಅರುಣಾ ಪರವಾಗಿ ಸುಪ್ರೀಂ ಕೋರ್ಟ್ ಮೊರೆಹೋದರು.

ಆಸ್ಪತ್ರೆ ಇದನ್ನು ಒಪ್ಪಲಿಲ್ಲ. ಅರುಣಾ ಆಹಾರ ಸ್ವೀಕರಿಸುತ್ತಾರೆ, ಮುಖಭಾವದಿಂದ ಸ್ಪಂದಿಸುತ್ತಾರೆ, ಶೌಚಕ್ಕೆ ಹೋಗಬೇಕಾದಾಗ ಶಬ್ದ ಮಾಡುತ್ತಾರೆ, ಅದನ್ನು ನರ್ಸ್‌ಗಳು ಗುರುತಿಸುತ್ತಾರೆ ಎಂದು ಪ್ರಮಾಣಪತ್ರದಲ್ಲಿ ತಿಳಿಸಿತು. ನಿವೃತ್ತ ಸಿಬ್ಬಂದಿಯೊಬ್ಬರು ಸಂಬಳವಿಲ್ಲದೆ ಆರೈಕೆ ಮುಂದುವರಿಸಲು ಮುಂದೆ ಬಂದಿದ್ದನ್ನೂ ಹೇಳಿತು.

ಎರಡೂ ಚಿತ್ರಗಳು ತಾಳೆಯಾಗದ ಕಾರಣ ಕೋರ್ಟ್ 2011ರ ಜನವರಿಯಲ್ಲಿ ಮುಂಬೈನ ಮೂವರು ವೈದ್ಯರ ಸಮಿತಿ ನೇಮಿಸಿತು. ತೀವ್ರ ನಿಗಾ ತಜ್ಞ, ನರರೋಗ ತಜ್ಞ ಮತ್ತು ಮನೋವೈದ್ಯರು ಅದರಲ್ಲಿದ್ದರು.

ದಾದಿಯರು ಕಂಡಿದ್ದು, ವೈದ್ಯರು ಕಂಡಿದ್ದು

ಮಾತಿಲ್ಲದ ರೋಗಿಯ ಒಂದು ಶಬ್ದಕ್ಕೆ ಅರ್ಥ ಹುಡುಕುವುದು ಸುಲಭವಲ್ಲ. ನಿನ್ನೆ ಇದೇ ಶಬ್ದ ಯಾವಾಗ ಬಂತು ಎಂದು ನೆನಪಿಸಿಕೊಳ್ಳಬೇಕು. ಹಸಿವೋ, ನೋವೋ, ಒದ್ದೆಯೋ ಎಂದು ಊಹಿಸಬೇಕು. ಊಹೆಯಂತೆ ಮಾಡಿ ನೋಡಬೇಕು. ಶಬ್ದ ನಿಂತರೆ ಊಹೆ ಸರಿಯಿರಬಹುದು, ನಿಲ್ಲದಿದ್ದರೆ ಬೇರೆ ಕಾರಣ ಹುಡುಕಬೇಕು. ಒಂದು ಪಾಳಿಯವರು ಕಂಡದ್ದನ್ನು ಮುಂದಿನ ಪಾಳಿಯವರಿಗೆ ಹೇಳಬೇಕು. ನರ್ಸಿಂಗ್ ಪಠ್ಯಗಳು ಕ್ಲಿನಿಕಲ್ ನಿರ್ಧಾರ ಎನ್ನುವುದು ಇದನ್ನೇ.

ಇದರಲ್ಲಿ ಒಂದು ಅಪಾಯವೂ ಇದೆ. ವರ್ಷಗಟ್ಟಲೆ ಹಚ್ಚಿಕೊಂಡವರಿಗೆ ದೇಹದ ಸಹಜ ಪ್ರತಿಕ್ರಿಯೆಯೂ ನಗುವಿನಂತೆ, ಗುರುತಿನಂತೆ ಕಾಣಬಹುದು. ಹೊರಗಿನವರ ಪರೀಕ್ಷೆ ಬೇಕಾಗುವುದು ಅದಕ್ಕಾಗಿಯೇ.

ಸಮಿತಿಯ ವರದಿ ಯಾವ ಪಕ್ಷವನ್ನೂ ಪೂರ್ತಿ ಎತ್ತಿಹಿಡಿಯಲಿಲ್ಲ. ಅರುಣಾ ಕೋಮಾದಲ್ಲಿಲ್ಲ, ಮೆದುಳು ನಿಷ್ಕ್ರಿಯವಾಗಿಲ್ಲ. ಆದರೆ ಸುತ್ತಲಿನ ಅರಿವು ಇದ್ದಂತಿಲ್ಲ, ಶಾಶ್ವತ ಅರಿವುಹೀನ ಸ್ಥಿತಿಯ ಬಹುತೇಕ ಲಕ್ಷಣಗಳಿವೆ ಎಂದಿತು. ಕೋಣೆಯಲ್ಲಿ ಹೆಚ್ಚು ಜನ ಸೇರಿದರೆ ಅವರು ಹೆಚ್ಚು ಶಬ್ದ ಮಾಡುವುದನ್ನು ವೈದ್ಯರೂ ಗಮನಿಸಿದರು. ಅರಿವಿನ ವಿಷಯದಲ್ಲಿ ದಾದಿಯರ ನಂಬಿಕೆಗೆ ಪೂರ್ಣ ಬೆಂಬಲ ಸಿಗಲಿಲ್ಲ. ಆದರೆ ಆರೈಕೆಯ ಗುಣಮಟ್ಟದ ಬಗ್ಗೆ ಸಂಶಯ ಉಳಿಯಲಿಲ್ಲ.

ನಿರ್ಧರಿಸುವ ಹಕ್ಕು ಯಾರಿಗೆ?

2011ರ ಮಾರ್ಚ್ 7ರಂದು ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನ್ ಸುಧಾ ಮಿಶ್ರಾ ಅವರ ಪೀಠ ತೀರ್ಪು ನೀಡಿತು. ಜೀವರಕ್ಷಕ ನೆರವು ಹಿಂಪಡೆಯುವ ನಿಷ್ಕ್ರಿಯ ದಯಾಮರಣಕ್ಕೆ ಹೈಕೋರ್ಟ್ ಒಪ್ಪಿಗೆಯೊಂದಿಗೆ ದೇಶದಲ್ಲಿ ಮೊದಲ ಬಾರಿ ದಾರಿ ತೆರೆಯಿತು. ಆದರೆ ಅರುಣಾ ವಿಷಯದಲ್ಲಿ ಅರ್ಜಿ ತಿರಸ್ಕೃತವಾಯಿತು.

ಅರುಣಾ ಪರವಾಗಿ ಮಾತನಾಡುವ ಆಪ್ತರು ಯಾರು ಎಂಬುದು ಮುಖ್ಯ ಪ್ರಶ್ನೆಯಾಗಿತ್ತು. ವಿರಾನಿ ಅವರ ಕಾಳಜಿಯನ್ನು ಪೀಠ ಮೆಚ್ಚಿತು. ಆದರೂ ಹಗಲು ರಾತ್ರಿ ನೋಡಿಕೊಂಡ ಕೆಇಎಂ ಸಿಬ್ಬಂದಿಯೇ ಆ ಸ್ಥಾನಕ್ಕೆ ಅರ್ಹರು ಎಂದಿತು. ಮುಂದೊಂದು ದಿನ ಅವರ ಮನಸ್ಸು ಬದಲಾದರೆ ಬಾಂಬೆ ಹೈಕೋರ್ಟ್‌ಗೆ ಹೋಗಬಹುದು ಎಂದೂ ಹೇಳಿತು. ಸಿಬ್ಬಂದಿಯ ಮನಸ್ಸು ಬದಲಾಗಲಿಲ್ಲ.

ಕೊನೆಯ ದಿನಗಳು, ನಂತರದ ಕಾನೂನು

2015ರ ಮೇ ತಿಂಗಳಲ್ಲಿ ಅರುಣಾಗೆ ನ್ಯುಮೋನಿಯಾ ಆಯಿತು. ದೀರ್ಘಕಾಲ ಮಲಗಿದವರನ್ನು ಹೆಚ್ಚು ಕಾಡುವ ಕಾಯಿಲೆ ಇದು. ತೀವ್ರ ನಿಗಾ ಘಟಕದಲ್ಲಿ ವೆಂಟಿಲೇಟರ್ ನೆರವು ನೀಡಿದರೂ ಮೇ 18ರಂದು ಕೊನೆಯುಸಿರೆಳೆದರು. ಆಗ ಅವರಿಗೆ 66 ವರ್ಷ. ಅವರನ್ನು ಕಂಡೇ ಇರದ ಕಾಲದಲ್ಲಿ ಹುಟ್ಟಿದ ನರ್ಸ್‌ಗಳೂ ಅಂತಿಮ ವಿದಾಯಕ್ಕೆ ಸೇರಿದ್ದರು.

2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ ಘನತೆಯಿಂದ ಸಾಯುವ ಹಕ್ಕನ್ನು ಎತ್ತಿಹಿಡಿಯಿತು. ತನಗೆ ಎಂಥ ಚಿಕಿತ್ಸೆ ಬೇಡ ಎಂದು ವ್ಯಕ್ತಿ ಮೊದಲೇ ಬರೆದಿಡುವ ಉಯಿಲಿಗೂ ಮಾನ್ಯತೆ ಸಿಕ್ಕಿತು. 2023ರಲ್ಲಿ ಈ ವಿಧಾನ ಸರಳವಾಯಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದರ ಜಾರಿಗೆ ಸುತ್ತೋಲೆ ಹೊರಡಿಸಿತು.

ಈಗಿನ ನಿಯಮದಂತೆ ಚಿಕಿತ್ಸೆ ನಿಲ್ಲಿಸುವ ಬಗ್ಗೆ ಎರಡು ಹಂತದ ವೈದ್ಯಕೀಯ ಮಂಡಳಿಗಳು ಅಭಿಪ್ರಾಯ ನೀಡುತ್ತವೆ. ಅವುಗಳ ಸದಸ್ಯರು ವೈದ್ಯರು. ರೋಗಿಯ ಹಾಸಿಗೆಯ ಬಳಿ ಅತಿ ಹೆಚ್ಚು ಹೊತ್ತು ಇರುವ ನರ್ಸ್‌ಗೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಅರುಣಾ ಪ್ರಕರಣದಲ್ಲಿ ಕೋರ್ಟ್ ಕಿವಿಗೊಟ್ಟಿದ್ದ ಆ ದನಿಯನ್ನು ಮಂಡಳಿಗಳು ಕೇಳುತ್ತವೆಯೇ ಇಲ್ಲವೇ ಎಂಬುದು ಆಯಾ ಆಸ್ಪತ್ರೆಗಳಿಗೆ ಬಿಟ್ಟ ವಿಷಯವಾಗಿಯೇ ಉಳಿದಿದೆ.