ಕತ್ತರಿಸಿದ ಕಾಲು ಮತ್ತೆ ಬೆಳೆಯುವುದನ್ನು ಕಂಡ ಪಾದ್ರಿ

ಹಲ್ಲಿಯ ಬಾಲ ತುಂಡಾದರೆ ಮತ್ತೆ ಬೆಳೆಯುತ್ತದೆ, ಇದು ನಮಗೆಲ್ಲ ಗೊತ್ತು. ಆದರೆ ಕಾಲು? ಮೂಳೆ, ಮಾಂಸ, ನರ ಸಮೇತ? ಸಲಮಾಂಡರ್ ಎಂಬ, ಹಲ್ಲಿಯಂತೆ ಕಾಣುವ ಉಭಯಚರ ಪ್ರಾಣಿಗೆ ಅದು ಸಾಧ್ಯ ಎಂದು 1768ರಲ್ಲಿ ಬರೆದವರು ಇಟಲಿಯ ಲಾಜ್ಜಾರೊ ಸ್ಪಲ್ಲಾಂಜಾನಿ.

1729ರಲ್ಲಿ ಸ್ಕಾಂಡಿಯಾನೊ ಎಂಬ ಊರಲ್ಲಿ ಹುಟ್ಟಿದ ಇವರು ಬೊಲೋನ್ಯಕ್ಕೆ ಹೋಗಿದ್ದು ಕಾನೂನು ಓದಲು. ಅಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬಂಧು ಲಾರಾ ಬಾಸ್ಸಿ ಅವರ ಪ್ರಭಾವದಿಂದ ದಾರಿ ವಿಜ್ಞಾನದ ಕಡೆ ತಿರುಗಿತು. ಮುಂದೆ ಪಾದ್ರಿಯೂ ಆದರು, ಪ್ರೊಫೆಸರೂ ಆದರು. ಜೀರ್ಣಕ್ರಿಯೆ ತಿಳಿಯಲು ಆಹಾರ ತುಂಬಿದ ಪುಟ್ಟ ಬಟ್ಟೆಚೀಲಗಳನ್ನು ತಾವೇ ನುಂಗಿದ ಮನುಷ್ಯ! (ನೀವು ಮಾತ್ರ ಪ್ರಯತ್ನಿಸಬೇಡಿ.)

ಸಲಮಾಂಡರ್‌ನ ಕಾಲು, ಬಾಲ, ದವಡೆ, ಗೊದಮೊಟ್ಟೆಯ ಬಾಲ, ಬಸವನಹುಳುವಿನ ತಲೆ ಎಲ್ಲವನ್ನೂ ಕತ್ತರಿಸಿ ಕಾದರು. ಪ್ರಾಣಿ ಎಳೆಯದಾದಷ್ಟೂ ಬೆಳವಣಿಗೆ ಬೇಗ ಎಂದು ಗುರುತಿಸಿದರು. ಬಸವನಹುಳುವಿನ ತಲೆಯ ವಿಷಯ ಯುರೋಪಿನಲ್ಲಿ ಎಷ್ಟು ಗದ್ದಲ ಎಬ್ಬಿಸಿತೆಂದರೆ, ಲೇಖಕ ವೋಲ್ಟೇರ್ ಕೂಡ ಕತ್ತರಿ ಹಿಡಿದು ಪರೀಕ್ಷಿಸಿದರು.

ಕೊನೆಯ ವರ್ಷಗಳಲ್ಲಿ ಅವರು ಹಿಡಿದದ್ದು ಉಸಿರಾಟವನ್ನು. ಆಗಷ್ಟೇ ಸತ್ತ ಪ್ರಾಣಿಯ ಮಾಂಸದ ತುಂಡು ಕೂಡ ಆಮ್ಲಜನಕ ಹೀರುತ್ತಿತ್ತು, ಇಂಗಾಲದ ಡೈಆಕ್ಸೈಡ್ ಬಿಡುತ್ತಿತ್ತು. ಅಂದರೆ ಉಸಿರಾಡುವುದು ಶ್ವಾಸಕೋಶವಷ್ಟೇ ಅಲ್ಲ, ಇಡೀ ದೇಹ. 1799ರಲ್ಲಿ ಅವರು ತೀರಿಕೊಂಡರು. ಈ ಬರಹ 1803ರಲ್ಲಿ ಅಚ್ಚಾಯಿತು.

ಆ ಆಮ್ಲಜನಕ ಬಹುಪಾಲು ಖರ್ಚಾಗುವುದು ಜೀವಕೋಶದೊಳಗಿನ ಮೈಟೋಕಾಂಡ್ರಿಯದಲ್ಲಿ. ಅದಕ್ಕೆ ಆ ಹೆಸರು ಬಂದದ್ದೇ 1898ರಲ್ಲಿ. ಸ್ಪಲ್ಲಾಂಜಾನಿ ಬೇರೆಬೇರೆಯಾಗಿ ನೋಡಿದ ಎರಡು ಸಂಗತಿಗಳು ಈಗ ಒಂದೇ ಕಡೆ ಸೇರುತ್ತಿವೆ. ಮೈಟೋಕಾಂಡ್ರಿಯ ಒತ್ತಡಕ್ಕೆ ಸಿಲುಕಿದಾಗ ಸುಮ್ಮನಿರುವುದಿಲ್ಲ, ಕೋಶಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತದೆ. ಅಲ್ಲಿ ರಿಪೇರಿ ಕೆಲಸದ ಜೀನ್‌ಗಳು ಚುರುಕಾಗುತ್ತವೆ. ಗಾಯವಾದ ಹುಳುವಿನ ಚರ್ಮದಲ್ಲಿ ಮೈಟೋಕಾಂಡ್ರಿಯದಿಂದ ಹೊಮ್ಮುವ ಚುರುಕು ಆಮ್ಲಜನಕದ ಅಣುಗಳು ಗಾಯ ಮುಚ್ಚಲು ನೆರವಾಗುತ್ತವೆ. ಗೊದಮೊಟ್ಟೆಯಲ್ಲೂ ಇಂಥ ಅಣುಗಳನ್ನು ತಡೆದರೆ ಕತ್ತರಿಸಿದ ಬಾಲ ಸರಿಯಾಗಿ ಬೆಳೆಯುವುದಿಲ್ಲ ಎಂದು 2013ರಲ್ಲಿ ತಿಳಿಯಿತು.

ಇವುಗಳನ್ನೇ ವಾಟ್ಸಾಪ್ ಫಾರ್ವರ್ಡ್‌ಗಳು ದೇಹದ ಶತ್ರು ಎಂದು ಬಣ್ಣಿಸಿ, ಆಂಟಿಆಕ್ಸಿಡೆಂಟ್ ಮಾತ್ರೆ ಹೆಚ್ಚು ನುಂಗಿದಷ್ಟೂ ಒಳ್ಳೆಯದು ಎನ್ನುತ್ತವೆ. ಹೆಚ್ಚಾದರೆ ಅವು ಹಾನಿಕರ, ನಿಜ. ಆದರೆ ಪೂರ್ತಿ ಅಳಿಸಿಬಿಡಬೇಕಾದ ಕಸವಲ್ಲ. ಹಾಗೆಂದು ಹಣ್ಣು ತರಕಾರಿ ಬಿಡಬೇಕಿಲ್ಲ, ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ.

ಸಲಮಾಂಡರ್‌ಗೆ ಸಾಧ್ಯವಾದದ್ದು ಮನುಷ್ಯನಿಗೂ ಆದೀತೇ ಎಂದು ಸ್ಪಲ್ಲಾಂಜಾನಿ 1768ರಲ್ಲೇ ಕೇಳಿದ್ದರು. ನಮ್ಮಲ್ಲಿ ಬೆರಳ ತುದಿ, ಅದೂ ಹೆಚ್ಚಾಗಿ ಚಿಕ್ಕ ಮಕ್ಕಳಲ್ಲಿ, ಮತ್ತೆ ಬೆಳೆಯುವುದುಂಟು. ಇಡೀ ಕೈ ಬೆಳೆಸುವ ಔಷಧಿ ಇನ್ನೂ ಇಲ್ಲ.