ಹಳ್ಳಿಯ ಮಾತು ಬಿಡದ ಗೊರೂರರು

ಗೊರೂರು ರಾಮಸ್ವಾಮಿ ಅಯ್ಯಂಗಾರರು ಹುಟ್ಟಿದ್ದು 1904ರಲ್ಲಿ, ಹಾಸನದಿಂದ ಅರಕಲಗೂಡಿಗೆ ಹೋಗುವ ದಾರಿಯ ಗೊರೂರಿನಲ್ಲಿ. ಹೇಮಾವತಿಯ ದಂಡೆಯ ಊರು. ಅದೇ ನೀರು ಮುಂದೆ ಹೊಳೆನರಸೀಪುರಕ್ಕೆ ಬರುತ್ತದೆ; ನನ್ನ ಬೋಧನಾಭ್ಯಾಸದ ಶಾಲೆ ಇದ್ದದ್ದು ಆ ತಾಲ್ಲೂಕಿನಲ್ಲೇ. ಎಂಟನೆಯ ತರಗತಿಗೆ ಒಬ್ಬ ಹಿರಿಯರ ಜೀವನವನ್ನು ಹೇಳಬೇಕೆಂದಾಗ ನಾನು ಬೇರೆ ಯಾರನ್ನೂ ಹುಡುಕಲಿಲ್ಲ.

ಗಾಂಧೀಜಿಯವರ ಕರೆಗೆ ಓಗೊಟ್ಟು ಅವರು ಶಾಲೆಯ ಓದು ಬಿಟ್ಟರು. ಅಹಮದಾಬಾದಿನ ಗುಜರಾತ್ ವಿದ್ಯಾಪೀಠದಲ್ಲಿ ಕಲಿತರು. ಹಿಂದಿರುಗಿ ಖಾದಿ, ಗ್ರಾಮಸೇವೆ ಎಂದು ಓಡಾಡಿದರು, 1942ರ ಚಳವಳಿಯಲ್ಲಿ ಸೆರೆಮನೆಗೂ ಹೋದರು. ‘ಹಳ್ಳಿಯ ಚಿತ್ರಗಳು’ 1930ರಲ್ಲಿ ಬಂತು. ಅದರಲ್ಲಿ ದೊಡ್ಡವರು ಯಾರೂ ಇಲ್ಲ, ನಮ್ಮ ಬೀದಿಯವರೇ ಇದ್ದಾರೆ. ‘ಭೂತಯ್ಯನ ಮಗ ಅಯ್ಯು’ ಸಿನಿಮಾಕ್ಕೆ ಆಧಾರ ಅವರ ಕಥೆ ಎಂದಾಗ ಮಕ್ಕಳೆಲ್ಲ ನೆಟ್ಟಗೆ ಕೂತರು.

ಕೊನೆಯ ಬೆಂಚಿನ ಒಬ್ಬ ಹುಡುಗ ಮಾತ್ರ ತಲೆ ಎತ್ತಲಿಲ್ಲ. ‘ಹಾಲು’ ಎನ್ನಲು ‘ಆಲು’ ಎನ್ನುತ್ತಾನೆಂದು ಉಳಿದವರು ನಗುತ್ತಿದ್ದರು. ಮೂರು ವಾರದಿಂದ ಅವನು ಹಾಜರಿಗಷ್ಟೇ ಬಾಯಿ ತೆರೆಯುತ್ತಿದ್ದ. ಓದು ಬರುವ ಹುಡುಗ. ಹೀಗೆಯೇ ಮುಂದುವರಿದರೆ ಶಾಲೆಯನ್ನೇ ಬಿಟ್ಟಾನೆಂಬ ಭಯ ನನಗಿತ್ತು.

ಗಾಂಧೀಜಿಯವರ ಆತ್ಮಕಥೆಯನ್ನು ಕನ್ನಡಕ್ಕೆ ತಂದವರೂ ಗೊರೂರರೇ. ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಒಂದೇ ಸಾಲು ಇತ್ತು, ಆದರೆ ನಾನು ಅಲ್ಲಿಯೇ ನಿಂತೆ. ಯಾರಾದರೂ ಮಾತನಾಡಿಸಿಯಾರೆಂದು ಗಂಟೆ ಹೊಡೆದೊಡನೆ ಮನೆಗೆ ಓಡುತ್ತಿದ್ದ ಬಾಲಕ ಮೋಹನದಾಸ. ಇಂಗ್ಲೆಂಡಿನಲ್ಲಿ ಬರೆದುಕೊಂಡು ಹೋದ ಭಾಷಣವನ್ನೂ ಓದಲಾರದೆ ಬೇರೊಬ್ಬರಿಂದ ಓದಿಸಿದ ವಿದ್ಯಾರ್ಥಿ. ಮುಂಬೈಯ ಕೋರ್ಟಿನಲ್ಲಿ ತಲೆ ಸುತ್ತಿ, ಒಂದು ಪ್ರಶ್ನೆಯನ್ನೂ ಕೇಳಲಾಗದೆ ಶುಲ್ಕ ಹಿಂದಿರುಗಿಸಿದ ವಕೀಲ. ಅವರ ಸಂಕೋಚ ಪೂರ್ತಿ ಹೋಗಲೇ ಇಲ್ಲ. ಅದರಿಂದ ಮಿತವಾಗಿ ಮಾತನಾಡುವುದನ್ನು ಕಲಿತೆನೆಂದು ಅವರೇ ಎಣಿಸಿದರು. ಧೈರ್ಯ ತಂದುಕೋ ಎಂದು ಮಕ್ಕಳಿಗೆ ಬರಿದೇ ಉಪದೇಶಿಸುವುದಕ್ಕಿಂತ ಈ ಕೋರ್ಟಿನ ಪ್ರಸಂಗ ಹೇಳುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಮರುದಿನ ಪ್ರತಿಯೊಬ್ಬರೂ ತಮ್ಮ ಬೀದಿಯ ಒಬ್ಬರನ್ನು ಕುರಿತು, ಮನೆಯಲ್ಲಿ ಆಡುವ ಮಾತಿನಲ್ಲೇ ಹೇಳಬೇಕೆಂದೆ. ಮೊದಲು ಪಕ್ಕದವನಿಗೆ ಹೇಳುವುದು, ಆಮೇಲೆ ನಾಲ್ವರ ಗುಂಪಿಗೆ, ಕೊನೆಗೆ ತರಗತಿಗೆ. ಕೇಳುವವರಿಗೂ ಕೆಲಸವಿತ್ತು: ಮುಗಿದ ಮೇಲೆ ಒಂದು ಪ್ರಶ್ನೆ ಕೇಳಬೇಕು. ಪ್ರಶ್ನೆ ಹುಡುಕುತ್ತಿದ್ದವರಿಗೆ ನಗಲು ಪುರುಸೊತ್ತು ಸಿಗಲಿಲ್ಲ. ಆ ಹುಡುಗ ಕುರಿ ಕಾಯುವ ತನ್ನ ಅಜ್ಜನ ಬಗ್ಗೆ ನಾಲ್ವರ ಗುಂಪಿನಲ್ಲಿ ಐದಾರು ಮಾತು ಆಡಿದ. ತರಗತಿಯ ಮುಂದೆ ಬರಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಕುರಿ ಕಳೆದುಹೋದರೆ ಅಜ್ಜ ಹೇಗೆ ಗುರುತು ಹಿಡಿಯುತ್ತಾರೆಂದು ಒಬ್ಬಳು ಕೇಳಿದಳು. ಅದಕ್ಕೆ ಅವನು ಕೊಟ್ಟ ಉತ್ತರ ಗಂಟೆ ಹೊಡೆದರೂ ಮುಗಿದಿರಲಿಲ್ಲ.

ಗೊರೂರರ ಉಳಿದ ಬದುಕನ್ನು ಇನ್ನೊಂದು ಅವಧಿಯಲ್ಲಿ ಮುಗಿಸಿದೆ. ಎಪ್ಪತ್ತು ದಾಟಿದ ಮೇಲೆ ಅವರು ಅಮೆರಿಕಕ್ಕೆ ಹೋದರು, ಅಲ್ಲಿ ಕಂಡದ್ದನ್ನು ಊರಿನವರಿಗೆ ಹೇಳುವ ಧಾಟಿಯಲ್ಲೇ ಬರೆದರು. ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1991ರಲ್ಲಿ ತೀರಿಕೊಂಡರು.